ಕೌಂಟಿಂಗ್ ಮುಗಿದ ಮೇಲೆ ಊರು ಕೂಡಿಸುವ ಕೆಲಸ

ಚುನಾವಣೆ ಮುಗಿದ ವಾರ ದೇಶದ ಒಗ್ಗಟ್ಟಿನ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಕಲಬುರಗಿ ಸೀಮೆಯ ಹಳ್ಳಿಯಲ್ಲಿ ಆ ಒಗ್ಗಟ್ಟು ಒಡೆದದ್ದು ಮೊದಲು ಗೊತ್ತಾಗುವುದು ಕಿರಾಣಿ ಅಂಗಡಿಯಲ್ಲಿ. ಎದುರು ಪಾರ್ಟಿಯವರಿಗೆ ಉದ್ರಿ ನಿಲ್ಲುತ್ತದೆ. ಆಮೇಲೆ ತೊಗರಿ ರಾಶಿ ಮಷೀನು ಅವರ ಹೊಲ ದಾಟಿಕೊಂಡು ಮುಂದೆ ಹೋಗುತ್ತದೆ, ಲಗ್ನಕ್ಕೆ ಬರಬೇಕಾದ ಮುಯ್ಯಿ ಬರುವುದಿಲ್ಲ, ಅವರ ಓಣಿಯ ನಳಕ್ಕೆ ನೀರು ಬಿಡಲು ವಾಟರ್‌ಮನ್‌ಗೆ ನೆನಪಾಗುವುದಿಲ್ಲ. ರಾಜಿ ಮಾಡಿಸಲು ಕೂತವರು ಹಿಡಿಯಬೇಕಾದದ್ದು ಇಂಥವನ್ನೇ. ‘ಎಲ್ಲರೂ ಒಂದೇ’ ಎಂದು ಹೇಳಿಸಿಕೊಂಡು ಎದ್ದರೆ ಮರುದಿನವೂ ನಳ ಒಣಗಿಯೇ ಇರುತ್ತದೆ.

ಓಟು ಗುಪ್ತವಾಗಿದ್ದರೂ ಯಾರು ಯಾರಿಗೆ ಹಾಕಿದರೆಂಬ ಅನುಮಾನ ಹುಟ್ಟುವುದು ಹೇಗೆ? ಒಬ್ಬೊಬ್ಬರ ಓಟು ಗುಪ್ತ, ಓಣಿಯ ಓಟು ಗುಪ್ತವಲ್ಲ. ಬ್ಯಾಲೆಟ್ ಚೀಟಿಗಳ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಕಲಸಿ ಎಣಿಸಲು ಅವಕಾಶವಿತ್ತು. ಮತಯಂತ್ರದಲ್ಲಿ ಬೂತಿನ ಲೆಕ್ಕ ಬೂತಿಗೇ ಬರುತ್ತದೆ. ಹಲವು ಯಂತ್ರಗಳ ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗ 2015ರ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಗ್ರಾಮ ಪಂಚಾಯಿತಿಯಲ್ಲಂತೂ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇಷ್ಟು ಸಣ್ಣ ಲೆಕ್ಕದಲ್ಲಿ ಪಾರ್ಟಿ ಏಜೆಂಟನ ಕೈಯಲ್ಲಿರುವ ಬೂತಿನ ಲೆಕ್ಕದ ಹಾಳೆಯೇ ಜಗಳದ ಬೀಜ. ಅದಕ್ಕೇ ರಾಜಿ ಕೂಟಕ್ಕೆ ಮೊದಲ ಷರತ್ತು: ಬೂತಿನ ಹಾಳೆ ಯಾರೂ ತರಬಾರದು. ತಂದೇ ತಂದರೆ ತಂದವರನ್ನು ಬೇರೆ ಬೇರೆ ಕೂರಿಸಿ ಅನುಮಾನದ ಹೆಸರುಗಳನ್ನು ಬರೆಸಿ. 40 ಓಟು ತಪ್ಪಿದ ಕಡೆ 100 ಹೆಸರು ಬರುತ್ತವೆ. ಕನಿಷ್ಠ 60 ಮಂದಿಯ ಮೇಲೆ ಸುಮ್ಮನೆ ಸಿಟ್ಟಾಗಿದ್ದೇವೆಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬರೆಸಿದ ಹಾಳೆಯನ್ನು ಅಲ್ಲೇ ಹರಿದು ಹಾಕಬೇಕು.

ಇದಕ್ಕಿಂತ ಬಿಗಿಯಾದ ಗಂಟು ಪೊಲೀಸ್ ಕೇಸು. ಮೆರವಣಿಗೆಯಲ್ಲಿ ಕೈಕೈ ಮಿಲಾಯಿಸಿದರೆ ಸಾಮಾನ್ಯವಾಗಿ ಕೇಸು, ಕೌಂಟರ್ ಕೇಸು ಎರಡೂ ಆಗುತ್ತವೆ. ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ‘ಇನ್ನು ಮುಂದೆ ಕೋರ್ಟಿಗೆ ಹೋಗುವುದಿಲ್ಲ’ ಎಂದು ಹೆಬ್ಬೆಟ್ಟು ಒತ್ತಿಸಿದರೆ ಕೇಸು ಹೋಗುವುದಿಲ್ಲ. ಮೊದಲು ಎಫ್‌ಐಆರ್ ತರಿಸಿ ಕಲಂ ನೋಡಿ. ಭಾರತೀಯ ನ್ಯಾಯ ಸಂಹಿತೆಯ 115(2) ಸಾಧಾರಣ ಗಾಯ, 126(2) ಅಡ್ಡಗಟ್ಟುವುದು, 352 ಬೈಗುಳದ ಅವಮಾನ, ಇವುಗಳನ್ನು ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಡಿ ಪೆಟ್ಟು ತಿಂದವರೇ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನಲ್ಲೂ ಮುಗಿಯುತ್ತವೆ. ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಹೆಸರು ಬರೆಸಿದ ದೂರಿನಲ್ಲಿ 189 (ಅಕ್ರಮ ಕೂಟ), 191 (ದೊಂಬಿ) ಸೇರಿಕೊಂಡಿದ್ದರೆ ಅವು ರಾಜಿಯಾಗುವ ಕಲಂಗಳಲ್ಲ. ಆಗ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಕೇಸಿನ ರದ್ದತಿಗೆ ಅರ್ಜಿ ಹಾಕಬೇಕು, ಖರ್ಚು ಬೇರೆ, ದಿನ ಬೇರೆ. ಸಿಟ್ಟಿನಲ್ಲಿ ಎದುರು ಮನೆಯ ಗಂಡಸರ ಹೆಸರನ್ನೆಲ್ಲ ಬರೆಸುವವರಿಗೆ ಇದನ್ನು ಠಾಣೆಗೆ ಹೋಗುವ ಮೊದಲೇ ಹೇಳುವವರು ಕಡಿಮೆ.

ಎರಡೂ ಕೇಸು ಒಂದೇ ದಿನ, ಒಂದೇ ಕೋರ್ಟಿನಲ್ಲಿ ಮುಗಿಯುವಂತೆ ನೋಡಿಕೊಳ್ಳಿ. ಒಂದು ಕಡೆಯದು ಮುಗಿದು ಇನ್ನೊಂದು ಮುಂದಿನ ತಾರೀಖಿಗೆ ಉಳಿದರೆ ಸಾಕ್ಷಿ ಹೇಳುವ ದಿನ ಜಗಳ ಮತ್ತೆ ಮೊದಲಿಂದ ಶುರು.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸನ್ನು ಮಾತ್ರ ಕಟ್ಟೆಯ ಮೇಲೆ ತರಲೇಬಾರದು. ಅದು ರಾಜಿಯ ವಿಷಯವಲ್ಲ, ‘ಊರಿನ ಮಾನಕ್ಕಾಗಿ ಹಿಂದೆ ತಗೋರಿ’ ಎಂದು ಒತ್ತುವುದೇ ಇನ್ನೊಂದು ಅನ್ಯಾಯ. ಪರಿಶಿಷ್ಟರ ಓಣಿಗೆ ಕೂಲಿ, ಹಾಲು, ಕಿರಾಣಿ ಬಂದ್ ಮಾಡಿದ್ದರೆ ಅದೂ ಸಾಮಾಜಿಕ, ಆರ್ಥಿಕ ಬಹಿಷ್ಕಾರವೆಂದು ಆ ಕಾಯ್ದೆಯ 3(1)(ಝಡ್‌ಸಿ) ಅಡಿ ಅಪರಾಧ. ಮೊದಲು ಬಹಿಷ್ಕಾರ ನಿಲ್ಲಬೇಕು, ಮಾತು ಆಮೇಲೆ.

ಕೂಟ ನಡೆಸುವುದು ಶಾಲೆಯ ವರಾಂಡದಲ್ಲಿ, ರವಿವಾರ ಮುಂಜಾನೆ. ಒಂದು ಕಡೆಯವರ ಗುಡಿ, ಚಾವಡಿ ಬೇಡ. ಸಂಜೆಯಂತೂ ಬೇಡವೇ ಬೇಡ, ಕುಡಿದವನ ಒಂದು ಮಾತಿಗೆ ಮೂರು ತಾಸಿನ ಕೆಲಸ ನೀರುಪಾಲು. ಒಂದೊಂದು ಕಡೆಗೆ ನಾಲ್ಕೇ ಮಂದಿ, ಅದರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲಿ: ನೀರು ಯಾವಾಗಿಂದ ಬಂದಿಲ್ಲವೆಂದು ದಿನ ಎಣಿಸಿ ಹೇಳುವವರು ಅವರೇ. ಎದುರಾಬದುರು ಕೂರಿಸುವ ಮೊದಲು ಎರಡೂ ಕಡೆಯವರನ್ನು ಬೇರೆಯಾಗಿ ಕೇಳಿ, ದೂರು ಬರೆದುಕೊಳ್ಳಿ. ‘ಅವರು ನಮಗ ಮರ್ಯಾದಿ ಕೊಡಂಗಿಲ್ರಿ’ ಎಂಬಲ್ಲಿಗೆ ಬಿಡಬೇಡಿ. ಯಾವ ದಿನ, ಯಾರು, ಏನು ಮಾಡಿದರು ಎಂಬಲ್ಲಿಗೆ ತನ್ನಿ. ಉದ್ರಿ, ನಳ, ರಾಶಿ ಮಷೀನಿನ ಸರದಿ, ಹೀಗೆ ಐದಾರು ಬಾಬು ಉಳಿಯುತ್ತವೆ. ಹಗುರವಾದದ್ದನ್ನು ಮೊದಲು ಮುಗಿಸಿ.

ಇಬ್ಬರು ಲೀಡರುಗಳನ್ನು ಕರೆಸಿ ಕೈ ಕುಲುಕಿಸಿ ಫೋಟೊ ತೆಗೆಸುವ ಶಾಂತಿ ಸಭೆಯಲ್ಲಿ ನಂಬಿಕೆ ಇಡುವಂಥದ್ದೇನೂ ಇಲ್ಲ. ಲೀಡರುಗಳು ತಾಲೂಕಿನಲ್ಲಿ ಒಟ್ಟಿಗೇ ಚಹಾ ಕುಡಿಯುತ್ತಾರೆ, ಮುನಿಸು ಇರುವುದು ಅವರಿಗಾಗಿ ಹೊಡೆದಾಡಿದವರಲ್ಲಿ. ಕಲಬುರಗಿ ಲೋಕಸಭಾ ಕ್ಷೇತ್ರ 2019ರಲ್ಲಿ ಬಿಜೆಪಿಗೆ 95 ಸಾವಿರ ಓಟುಗಳ ಅಂತರ ಕೊಟ್ಟಿತು, 2024ರಲ್ಲಿ ಕಾಂಗ್ರೆಸ್‌ಗೆ 27 ಸಾವಿರ. ಅದೇ ಊರು, ಬಹುಪಾಲು ಅದೇ ಮಂದಿ. ಹಾಗೆಂದು ಚುನಾವಣೆಯನ್ನೇ ತಪ್ಪಿಸಿ, ‘ಅವಿರೋಧ ಆಯ್ಕೆ’ ಹೆಸರಿನಲ್ಲಿ ಪಂಚಾಯಿತಿ ಸೀಟು ಹರಾಜು ಹಾಕುವುದು ಒಗ್ಗಟ್ಟಲ್ಲ. ಅಲ್ಲಿ ದುಡ್ಡಿಲ್ಲದವನ ಬಾಯಿ ಮುಚ್ಚಿರುತ್ತದೆ, ಅಷ್ಟೇ.

ಸೋತವರ ಓಣಿಗೆ ಮನೆ, ಚರಂಡಿ ಬಿಟ್ಟುಹೋಗುವುದು ವಾರ್ಡ್ ಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಡಂಗುರ ಆ ಓಣಿಯಲ್ಲೂ ಸಾರಲಿ. ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಯಾರೂ ಸಹಿ ಹಾಕಬೇಡಿ. ಫಲಾನುಭವಿಗಳ ಹೆಸರು ಬರೆದು, ಕೊನೆಯ ಹೆಸರಿನ ಕೆಳಗೆ ಗೆರೆ ಎಳೆಸಿ, ಓದಿ ಹೇಳಿಸಿ, ಆಮೇಲೆ ಸಹಿ. ಗೆರೆ ಎಳೆಯದಿದ್ದರೆ ಹೆಸರು ರಾತ್ರಿ ಬೆಳೆಯುತ್ತವೆ.

ಹಬ್ಬದ ಕೆಲಸ ಇಷ್ಟಾದ ಮೇಲೆ. 2020ರ ಪಂಚಾಯಿತಿ ಚುನಾವಣೆಯ ಎಣಿಕೆ ಡಿಸೆಂಬರ್ 30ಕ್ಕೆ ನಡೆಯಿತು, ಎರಡು ವಾರಕ್ಕೆ ಎಳ್ಳ ಅಮವಾಸ್ಯೆ ಬಂತು. ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋದವರು ಬದುವಿನ ಆಚೆಯವರನ್ನು ಕರೆಯದೆ ಉಣ್ಣುವ ವಾಡಿಕೆ ನಮ್ಮಲ್ಲಿಲ್ಲ. ಕರೆಯಲು ಲೀಡರನ್ನು ಕಳಿಸಬೇಡಿ. ‘ಬರ್ರಿ ಅಕ್ಕಾ, ಸಜ್ಜಿ ರೊಟ್ಟಿ, ಭಜ್ಜಿ ಉಣಬರ್ರಿ’ ಎಂದು ಮನೆಯ ಹೆಣ್ಣುಮಕ್ಕಳು ಕರೆಯಲಿ. ಮೊಬೈಲು ಜೇಬಿನಲ್ಲೇ ಇರಲಿ. ಆ ಊಟದ ಫೋಟೊ ಯಾರದೋ ಸ್ಟೇಟಸ್‌ಗೆ ಹೋದರೆ ‘ಅವರೇ ನಮ್ಮ ಹೊಲಕ್ಕ ಬಂದರು’ ಎಂಬ ಮಾತು ಸಂಜೆಯೊಳಗೆ ಅಗಸಿ ದಾಟಿರುತ್ತದೆ.