ಬೆಂಗಳೂರಿನ ಪಾರ್ಕುಗಳಲ್ಲಿ ಹದಿನಾರರವರಿಗೆ ಜಾಗ ಎಲ್ಲಿ?

ಬೆಂಗಳೂರಿನ ಬಡಾವಣೆ ಪಾರ್ಕುಗಳ ಗೇಟಿನಲ್ಲಿ ಒಂದು ಬೋರ್ಡು ಇರುತ್ತದೆ. ಚೆಂಡಾಟ ಬೇಡ, ಸೈಕಲ್ ಬೇಡ, ಹುಲ್ಲಿನ ಮೇಲೆ ಕಾಲಿಡಬೇಡಿ, ಉಯ್ಯಾಲೆ ಚಿಕ್ಕ ಮಕ್ಕಳಿಗೆ ಮಾತ್ರ. ಹೀಗಾದರೆ ಪಿಯು ಓದುವವರಿಗೆ ಉಳಿಯುವುದು ಬೆಂಚು ಒಂದೇ. ಅಲ್ಲಿ ಗುಂಪಾಗಿ ಸ್ವಲ್ಪ ಹೊತ್ತು ಕೂತರೂ ಸೆಕ್ಯುರಿಟಿಯವರ ಸೀಟಿ ಕೇಳಿಸುತ್ತದೆ.

ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಕಬ್ಬನ್ ಪಾರ್ಕ್ 1870ರದ್ದು. ಊರು ಬೆಳೆದ ಹಾಗೆ ಹಸಿರು ಜಾಗದ ಮೇಲೆ ಕಟ್ಟಡಗಳ ಕಣ್ಣು ಬಿತ್ತು. ಅದನ್ನು ತಡೆಯಲು 1975ರಲ್ಲಿ ಒಂದು ಕಾಯ್ದೆ, 1985ರಲ್ಲಿ ಇನ್ನೊಂದು ಬಂದವು. ಪಾರ್ಕು ಉಳಿಯಬೇಕು ಅನ್ನುವುದೇ ಆಗಿನ ಚಿಂತೆ. ಒಳಗೆ ಯಾರು ಏನು ಮಾಡಬೇಕು ಅನ್ನುವುದು ಯಾರ ತಲೆಗೂ ಅಷ್ಟಾಗಿ ಬಂದಿರಲಿಲ್ಲ. 1985ರ ಕಾಯ್ದೆ ಪಾರ್ಕನ್ನೂ ಆಟದ ಮೈದಾನವನ್ನೂ ಬೇರೆ ಬೇರೆ ಮಾಡಿತು. ಕಾಗದದ ಮೇಲೆ ಸರಿಯೇ. ಆದರೆ ಮೈದಾನವೇ ಇಲ್ಲದ ಬಡಾವಣೆಯಲ್ಲಿ 'ಇದು ಪಾರ್ಕು, ಮೈದಾನಕ್ಕೆ ಹೋಗಿ' ಅಂದರೆ ಹುಡುಗರು ಎಲ್ಲಿಗೆ ಹೋಗಬೇಕು? ರಸ್ತೆಗೆ ಅಲ್ವಾ?

ಆಮೇಲೆ ಬೇಲಿ, ಗೇಟು, ವಾಕಿಂಗ್ ಪಾತ್, ಹೊರಾಂಗಣ ಜಿಮ್ ಎಲ್ಲ ಬಂದವು. ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರಿಗೆ ಸಂಘವಿದೆ, ಪಾಲಿಕೆಗೆ ಅರ್ಜಿ ಹಾಕುವ ಅಭ್ಯಾಸವಿದೆ. ಹದಿಹರೆಯದವರಿಗೆ ಓಟೂ ಇಲ್ಲ, ಸಂಘವೂ ಇಲ್ಲ.

ಭಯಕ್ಕೂ ಕಾರಣಗಳಿವೆ. 2015ರ ನವೆಂಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ನಡೆಯಿತು. ಬಂಧಿತರಾದವರು ಅಲ್ಲೇ ಕಾವಲಿಗಿದ್ದವರು. ಕಾಯುವವರಿಂದಲೇ ಅಪಾಯ ಅನ್ನುವ ಪ್ರಕರಣ ಅದು. ಆದರೂ ಜಾಸ್ತಿ ಕಾವಲು ಬೇಕು ಅನ್ನುವ ಮಾತು ಮಾತ್ರ ಇಂದಿಗೂ ನಿಂತಿಲ್ಲ.

ವಿಷಯ ನಿಜವಾಗಿ ಗೋಜಲಾದದ್ದು 2023ರ ಏಪ್ರಿಲ್ ಹೊತ್ತಿಗೆ. ಕಬ್ಬನ್ ಪಾರ್ಕಿನಲ್ಲಿ ಊಟ ತಿಂಡಿ, ಮರ ಹತ್ತುವುದು, ಆಟ ಎಲ್ಲಕ್ಕೂ ತಡೆ ಬಿತ್ತು. ಜೋಡಿಗಳು ತೀರ ಹತ್ತಿರ ಕೂರಬಾರದು ಅಂತಲೂ ಹೇಳಲಾಯಿತು. ಕುಟುಂಬದವರಿಗೆ ಮುಜುಗರವಾಗುತ್ತದೆ ಅನ್ನುವುದು ಕೊಟ್ಟ ಕಾರಣ. ಕಸ, ಇಲಿ, ಮರದ ಕೊಂಬೆ ಮುರಿಯುವುದು, ಇವೆಲ್ಲ ಸುಮ್ನೆ ಹೇಳಿದ ಮಾತಲ್ಲ, ನಿಜವಾದ ಸಮಸ್ಯೆಗಳೇ. ಆದರೆ 'ಹತ್ತಿರ' ಅಂದರೆ ಎಷ್ಟು? 'ಅಸಭ್ಯ' ಅಂದರೆ ಏನು? ಅಳತೆ ಎಲ್ಲೂ ಇಲ್ಲ. ಇಬ್ಬರು ಸಹಪಾಠಿಗಳು ಒಂದೇ ನೋಟ್ಸ್ ನೋಡುತ್ತಿದ್ದರೂ ಅದನ್ನು ತೀರ್ಮಾನಿಸುವವರು ಸೀಟಿ ಹಿಡಿದವರೇ. ಅವರದೂ ಕಡಿಮೆ ಸಂಬಳದ ಗುತ್ತಿಗೆ ಕೆಲಸ. ಮೇಲಿನವರು ಬೈಯದಿದ್ದರೆ ಸಾಕು ಅಂತ ಎಬ್ಬಿಸಿ ಕಳಿಸುತ್ತಾರೆ.

ಅದಕ್ಕೆ ನಾಲ್ಕು ತಿಂಗಳ ಹಿಂದೆಯಷ್ಟೇ, 2022ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ವಡೋದರಾದಲ್ಲಿ ರಾತ್ರಿ ಬೈಕಿನಲ್ಲಿ ಹೋಗುತ್ತಿದ್ದ ಜೋಡಿಯನ್ನು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನ ಪೇದೆಯೊಬ್ಬರು ತಡೆದು ಕೈಗಡಿಯಾರ ಇಸಕೊಂಡಿದ್ದ 2001ರ ಪ್ರಕರಣ ಅದು. ನೈತಿಕ ಪೊಲೀಸ್‌ಗಿರಿ ಪೊಲೀಸರ ಕೆಲಸವೂ ಅಲ್ಲ ಎಂದ ಕೋರ್ಟು, ಆ ಪೇದೆಯನ್ನು ಕೆಲಸದಿಂದ ತೆಗೆದಿದ್ದನ್ನು ಎತ್ತಿಹಿಡಿಯಿತು. ಪೊಲೀಸರಿಗೇ ಇಲ್ಲದ ಅಧಿಕಾರ ಪಾರ್ಕಿನ ಕಾವಲುಗಾರರಿಗೆ ಎಲ್ಲಿಂದ ಬರುತ್ತದೆ?

2024ರಲ್ಲಿ ಒಂದು ಒಳ್ಳೆಯ ಬದಲಾವಣೆ ಆಯಿತು. ಅಲ್ಲಿಯವರೆಗೆ ಪಾಲಿಕೆ ಪಾರ್ಕುಗಳು ಬೆಳಿಗ್ಗೆ 10ರಿಂದ ಮಧ್ಯಾಹ್ನ 1.30ರವರೆಗೆ ಮುಚ್ಚಿರುತ್ತಿದ್ದವು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೂ ತೆರೆದಿರಬೇಕು ಅಂತ ಸರ್ಕಾರ ಹೇಳಿತು. ಬೆಳಗಿನ ಪಾಳಿಯ ಕಾಲೇಜು ಮುಗಿಸಿದವರಿಗೆ ಇದು ದೊಡ್ಡ ವಿಷಯ. ಆದರೆ ಗೇಟು ತೆಗೆದ ಮಾತ್ರಕ್ಕೆ ಒಳಗಿನ ನಿಯಮ ಬದಲಾಗಲಿಲ್ಲ.

ಈಗ ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಬಡಾವಣೆ ಪಾರ್ಕುಗಳನ್ನು ನೋಡಿಕೊಳ್ಳುತ್ತಿದ್ದ ಬಿಬಿಎಂಪಿ 2025ರ ಸೆಪ್ಟೆಂಬರ್‌ನಲ್ಲಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸ ಪಾಲಿಕೆಗಳು ಬೋರ್ಡಿನ ಮೇಲಿನ 'ಬೇಡ'ಗಳನ್ನು ಒಮ್ಮೆ ತಿರುಗಿ ನೋಡಲು ಇದು ಸರಿಯಾದ ಹೊತ್ತು. ಒಂದು ಮೂಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ, ನಾಲ್ಕೈದು ಜನ ಎದುರುಬದುರು ಕೂರುವಂಥ ಕಟ್ಟೆ, ಸಂಜೆ ಹುಡುಗಿಯರೂ ಧೈರ್ಯವಾಗಿ ಕೂರಲು ಬೆಳಕು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಸುಮ್ಮನೆ ಕೂತವರನ್ನು ಎಬ್ಬಿಸಿದರೆ ಯಾರಿಗೆ ದೂರು ಕೊಡಬೇಕು ಅನ್ನುವ ಫೋನ್ ನಂಬರನ್ನೂ ಅದೇ ಬೋರ್ಡಿನಲ್ಲಿ ಬರೆಸಬಹುದು.