ಕೆಡುಕು ಅನ್ನೋದು ನಿಜವಾಗಿ ಇದೆಯಾ? ಯೂಂಗ್ ಎತ್ತಿದ ತಕರಾರು

ದೇವರು ಪೂರ್ತಿ ಒಳ್ಳೆಯವನು, ಎಲ್ಲವನ್ನೂ ಮಾಡಬಲ್ಲವನು ಅಂದಮೇಲೆ ಲೋಕದಲ್ಲಿ ಇಷ್ಟೊಂದು ಕೆಡುಕು ಎಲ್ಲಿಂದ ಬಂತು? ಕ್ರೈಸ್ತ ಚಿಂತಕರು ಶತಮಾನಗಳಿಂದ ಈ ಪ್ರಶ್ನೆ ಜತೆ ಗುದ್ದಾಡುತ್ತಿದ್ದಾರೆ. 20ನೇ ಶತಮಾನದಲ್ಲಿ ಇದರೊಳಗೆ ಒಬ್ಬ ಮನೋವೈದ್ಯನೂ ತಲೆಹಾಕಿದ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್.

ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ಗೆ ಇದು ತಲೆನೋವೇ ಆಗಿರಲಿಲ್ಲ. ಧರ್ಮ ಅನ್ನೋದು ಮನುಷ್ಯನ ಆಸೆಯಿಂದ ಹುಟ್ಟಿದ ಭ್ರಮೆ ಅಂತ 1927ರಲ್ಲಿ ಬರೆದು ಕೈತೊಳೆದುಕೊಂಡ. ಯೂಂಗ್‌ಗೆ ಅದು ಸಾಧ್ಯವಾಗಲಿಲ್ಲ, ಯಾಕಂದರೆ ಅವನು ಬೆಳೆದದ್ದೇ ಪಾದ್ರಿ ಮನೆಯಲ್ಲಿ. ಚರ್ಚಿನ ಸಭೆಗೆ ಸೇರುವ ಮೊದಲಿನ ಪಾಠಗಳನ್ನು ಅಪ್ಪನೇ ಹೇಳಿಕೊಡುತ್ತಿದ್ದ. ಹುಡುಗನಿಗೆ ಎಲ್ಲ ಬೇಜಾರು, ಒಂದು ಪಾಠ ಬಿಟ್ಟು: ಒಬ್ಬನೇ ದೇವರು ಮೂವರೂ ಆಗಿರುವುದು ಹೇಗೆ ಅನ್ನುವುದು. ಅದಕ್ಕಾಗಿ ಕಾದು ಕುಳಿತಿದ್ದ. ಆ ಪುಟ ಬಂದಾಗ ಅಪ್ಪ, ಇದು ನನಗೇ ಅರ್ಥವಾಗಿಲ್ಲ, ಬಿಟ್ಟು ಮುಂದೆ ಹೋಗೋಣ ಅಂದುಬಿಟ್ಟ!

ಅದಕ್ಕೂ ಮುಂಚೆ, ಹನ್ನೆರಡನೇ ವಯಸ್ಸಿನಲ್ಲಿ, ಇನ್ನೊಂದು ಘಟನೆ ನಡೆದಿತ್ತು. ಬಾಸೆಲ್ ನಗರದ ದೊಡ್ಡ ಚರ್ಚಿನ ಮುಂದೆ ನಿಂತಿದ್ದಾಗ ಏನೋ ಭಯಂಕರ ಯೋಚನೆ ಮನಸ್ಸಿಗೆ ನುಗ್ಗಲು ನೋಡಿತು. ಯೋಚಿಸಿದರೆ ನರಕವೇ ಗತಿ ಅಂತ ಹೆದರಿ, ನಿದ್ದೆಗೆಟ್ಟು, ದಿನಗಟ್ಟಲೆ ಅದನ್ನು ತಡೆದಿಟ್ಟ. ಕೊನೆಗೆ ಆಗಿದ್ದಾಗಲಿ ಅಂತ ಬಿಟ್ಟುಕೊಟ್ಟಾಗ ಕಂಡದ್ದು ಇಷ್ಟು: ಆಕಾಶದಲ್ಲಿ ಚಿನ್ನದ ಸಿಂಹಾಸನದ ಮೇಲೆ ದೇವರು, ಸಿಂಹಾಸನದ ಕೆಳಗಿನಿಂದ ಒಂದು ದೊಡ್ಡ ಮಲದ ಮುದ್ದೆ ಬಿದ್ದು ಚರ್ಚಿನ ಹೊಳೆಯುವ ಮಾಡು ಪುಡಿಪುಡಿ. ಶಾಪ ತಟ್ಟುತ್ತೆ ಅಂದುಕೊಂಡಿದ್ದ ಹುಡುಗನಿಗೆ ಸಿಕ್ಕಿದ್ದು ಹೇಳಲಾಗದಷ್ಟು ನಿರಾಳ. ಮುದುಕನಾದ ಮೇಲೂ ಯೂಂಗ್ ಇದನ್ನು ಮರೆಯಲಿಲ್ಲ. ದೇವರಿಗೂ ಒಂದು ಕರಾಳ ಮುಖ ಇರಬಹುದು ಅನ್ನುವ ಅವನ ಗುಮಾನಿಯ ಬೇರು ಇಲ್ಲೇ ಇದೆ ಅಂತ ನನಗನಿಸುತ್ತೆ.

ಈಗ ಯೂಂಗ್‌ನ ಎದುರಾಳಿಯನ್ನು ನೋಡೋಣ. ಕ್ರೈಸ್ತ ಚಿಂತಕ ಸಂತ ಆಗಸ್ಟೀನ್ (354-430) ಯೌವನದಲ್ಲಿ ಮಾನಿಕೇಯ ಪಂಥದ ಹಿಂದೆ ಹೋಗಿದ್ದವನು. ಬೆಳಕು-ಕತ್ತಲೆ ಎರಡೂ ಅನಾದಿ ಶಕ್ತಿಗಳು, ಲೋಕ ಅವುಗಳ ರಣರಂಗ ಅನ್ನುವ ಪಂಥ ಅದು. ಅಲ್ಲಿಂದ ಹೊರಬಂದ ಮೇಲೆ ಅವನು ಒತ್ತಿ ಹೇಳಿದ್ದು, ಕೆಡುಕು ಒಂದು ವಸ್ತುವೇ ಅಲ್ಲ, ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು ಅಂತ. ಗಾಯ ವಾಸಿಯಾದಾಗ ಅದು ಇನ್ನೆಲ್ಲಿಗೋ ಹೋಗಿ ಕೂರುವುದಿಲ್ಲ, ಸುಮ್ನೆ ಇಲ್ಲವಾಗುತ್ತೆ, ಅಲ್ವಾ? ಕೆಡುಕೂ ಹಾಗೆಯೇ. ಹೀಗಂದರೆ ಕೆಡುಕನ್ನು ದೇವರು ಸೃಷ್ಟಿಸಿದ ಅನ್ನುವ ಆರೋಪವೂ ಬೀಳುವುದಿಲ್ಲ. ಜಾಣ ಉತ್ತರ. ಸಾವಿರದೈನೂರು ವರ್ಷ ಬಾಳಿದ್ದು ಸುಮ್ಮನೆ ಅಲ್ಲ.

ಯೂಂಗ್‌ಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಕಾರಣ ಅವನ ಚಿಕಿತ್ಸೆಯ ಕೋಣೆಯಲ್ಲಿತ್ತು. ಓದಿಕೊಂಡಿದ್ದ ಒಬ್ಬ ರೋಗಿ ಸಾಕಷ್ಟು ಹೊಲಸು ವ್ಯವಹಾರಗಳಲ್ಲಿ ಸಿಕ್ಕಿಕೊಂಡಿದ್ದ, ಆದರೆ ಕೆಡುಕು ಅನ್ನೋದೇ ಇಲ್ಲ, ಅದು ಸೂರ್ಯನ ಮೇಲೆ ಹಾದುಹೋಗುವ ಮೋಡ ಅಷ್ಟೆ ಅನ್ನುವ ತತ್ವವನ್ನು ಗಟ್ಟಿಯಾಗಿ ಹಿಡಿದು ನೆಮ್ಮದಿಯಾಗಿದ್ದ. ಯೂಂಗ್ ಹೇಳುವ 'ನೆರಳು' ಅಂದರೆ ನಾವು ನಮ್ಮದಲ್ಲ ಅಂತ ಒಳಗೆ ತಳ್ಳಿದ ಸ್ವಭಾವದ ಭಾಗ. ಅದನ್ನು ಗುರುತಿಸದಿದ್ದರೆ ಅದು ಬೇರೆಯವರ ಮುಖದಲ್ಲಿ ಕಾಣಿಸುತ್ತೆ. ನಮ್ಮ ಸಿಟ್ಟು ಅವರ ಸಿಟ್ಟಾಗುತ್ತೆ, ನಮ್ಮ ದುರಾಸೆ ಅವರದಾಗುತ್ತೆ. ಕೆಡುಕು ಬರೀ 'ಕೊರತೆ' ಅಂದರೆ ಈ ನೆರಳನ್ನು ನೋಡಬೇಕಾದ ಜರೂರೇ ಇರೋದಿಲ್ಲ. 1951ರಲ್ಲಿ ಅವನು ಇನ್ನೂ ಖಾರವಾಗಿ ಬರೆದ: ಸರ್ವಾಧಿಕಾರಿಗಳ ಯಾತನಾ ಶಿಬಿರಗಳಲ್ಲಿ ನಡೆದದ್ದನ್ನು ಪರಿಪೂರ್ಣತೆಯ ಕೊರತೆ ಅಂತ ಕರೆದರೆ ಅದು ಗೇಲಿ ಮಾಡಿದ ಹಾಗೆ.

ಮರುವರ್ಷ ಬಂದ ಅವನ ಪುಸ್ತಕ 'ಯೋಬನಿಗೆ ಉತ್ತರ' ದೊಡ್ಡ ಗಲಾಟೆ ಎಬ್ಬಿಸಿತು. ಬೈಬಲಿನ ಯೋಬ ತಪ್ಪಿಲ್ಲದ ಮನುಷ್ಯ. ಸೈತಾನ ಚುಚ್ಚಿದ ಅಂತ ದೇವರು ಅವನನ್ನು ಸೈತಾನನ ಕೈಗೆ ಕೊಡುತ್ತಾನೆ. ಹತ್ತು ಮಕ್ಕಳು ಸಾಯುತ್ತಾರೆ, ಮೈತುಂಬ ಹುಣ್ಣು. ಯಾಕೆ ಅಂತ ಕೇಳಿದರೆ ಬಿರುಗಾಳಿಯೊಳಗಿಂದ ಬರುವ ಉತ್ತರ, ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಅಂತ. ಯೋಬ ಬಾಯಿಮುಚ್ಚುತ್ತಾನೆ. ಯೂಂಗ್ ಪ್ರಕಾರ ಇಲ್ಲಿ ನೀತಿಯಲ್ಲಿ ಗೆದ್ದವನು ಯೋಬ, ತನ್ನನ್ನೇ ಅರಿಯದವನು ದೇವರು. ಯೋಬನಿಗೆ ಮಾಡಿದ ಅನ್ಯಾಯದ ಸಾಲ ತೀರಿಸಲು ದೇವರು ಮನುಷ್ಯನಾಗಬೇಕಾಯಿತು. ಶಿಲುಬೆಯ ಮೇಲೆ ಯೇಸು ನನ್ನನ್ನೇಕೆ ಕೈಬಿಟ್ಟೆ ಅಂತ ಕೂಗಿದನಲ್ಲ, ಯೋಬನಿಗೆ ಉತ್ತರ ಸಿಕ್ಕಿದ್ದು ಅಲ್ಲಿ.

ಇದರಿಂದ ನೊಂದವರಲ್ಲಿ ವಿಕ್ಟರ್ ವೈಟ್ ಮುಖ್ಯ. ಡೊಮಿನಿಕನ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿ, ಆಕ್ಸ್‌ಫರ್ಡಿನವನು, 1945ರಿಂದ ಯೂಂಗ್ ಜತೆ ಪತ್ರವ್ಯವಹಾರ ಇಟ್ಟುಕೊಂಡಿದ್ದವನು. ಮೊದಲು ಖಾಸಗಿಯಾಗಿ ಪುಸ್ತಕವನ್ನು ಮೆಚ್ಚಿದ್ದ, 1955ರಲ್ಲಿ ಕಟುವಾಗಿ ವಿಮರ್ಶೆ ಬರೆದ. ಗೆಳೆತನ ಹಳಸಿತು.

ನನ್ನ ಪ್ರಕಾರ ಇಬ್ಬರೂ ಬೇರೆಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಕೆಡುಕಿಗೆ ತನ್ನದೇ ಅಸ್ತಿತ್ವ ಇದೆಯಾ ಅನ್ನೋದು ಆಗಸ್ಟೀನ್‌ನ ಪಕ್ಷದಲ್ಲಿದ್ದ ವೈಟ್‌ನ ಚಿಂತೆ. ಅದು ಮನುಷ್ಯನೊಳಗೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ಯೂಂಗ್‌ನದು. ತಾನು ಮಾತಾಡುತ್ತಿರುವುದು ದೇವರ ಬಗ್ಗೆ ಅಲ್ಲ, ಮನಸ್ಸಿನಲ್ಲಿರುವ ದೇವರ ಚಿತ್ರದ ಬಗ್ಗೆ ಅಂತ ಯೂಂಗ್ ಪದೇಪದೇ ಹೇಳಿದ. ಆದರೆ 'ಯೋಬನಿಗೆ ಉತ್ತರ' ಹಾಗೆ ಓದಿಸಿಕೊಳ್ಳೋದಿಲ್ಲ. ಅಲ್ಲಿ ಅವನು ದೇವರನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾನೆ. ವೈದ್ಯನಾಗಿ ಅವನ ಮಾತಿಗೆ ತೂಕವಿದೆ, ದೇವಶಾಸ್ತ್ರಕ್ಕೆ ಕಾಲಿಟ್ಟಾಗ ಗೆರೆ ದಾಟಿದ.

ವೈದ್ಯನಾಗಿಯೂ ಅವನು ಪೂರ್ತಿ ಗೆದ್ದ ಅಂತಲ್ಲ. ಯೂಂಗ್ ತೀರಿಕೊಂಡದ್ದು 1961ರ ಜೂನ್‌ನಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತನ್ನ ಪ್ರಯೋಗ ಶುರುಮಾಡಿದ. ಪಕ್ಕದ ಕೋಣೆಯವನಿಗೆ ವಿದ್ಯುತ್ ಶಾಕ್ ಕೊಡಿ ಅಂತ ಪ್ರಯೋಗ ನಡೆಸುವವನು ಪಾಲ್ಗೊಂಡವರಿಗೆ ಹೇಳುತ್ತಿದ್ದ. ಶಾಕ್ ನಕಲಿ, ಕೊಡುವವರಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು, ಬೆವರುತ್ತಾ, ನಡುಗುತ್ತಾ. ಕ್ರೌರ್ಯಕ್ಕೆ ಒಳಗಿನ ಆಳವೇ ಬೇಕಿಲ್ಲ, ಸನ್ನಿವೇಶವೂ ಸಾಕು ಅನ್ನುವುದು ಇದರಿಂದ ಹೊರಟ ವಾದ. ಯೂಂಗ್‌ನ ನೆರಳಿನಲ್ಲಿ ಇದಕ್ಕೆ ಜಾಗ ಕಮ್ಮಿ.

ವಿಚಿತ್ರ ಅಂದರೆ, ಆಗಸ್ಟೀನ್‌ನ ಆತ್ಮಕಥೆಯಲ್ಲಿ ಇದಕ್ಕೆ ಜಾಗವಿದೆ. ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜತೆ ತಿನ್ನಲೂ ಬೇಡದ ಪೇರ್ ಹಣ್ಣು ಕದ್ದು, ಹಂದಿಗಳಿಗೆ ಎಸೆದದ್ದನ್ನು ಅವನು ಪುಟಗಟ್ಟಲೆ ಕೆದಕುತ್ತಾನೆ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಮತ್ತೆ ಯಾಕೆ ಕದ್ದೆ? ಒಬ್ಬನೇ ಇದ್ದಿದ್ದರೆ ಖಂಡಿತ ಕದಿಯುತ್ತಿರಲಿಲ್ಲ ಅಂತ ಬರೆದಿದ್ದಾನೆ.