ಲಕ್ವಾ ಅಲ್ಲ, ಲೆಕ್ಕ ತಪ್ಪಿದೆ

ಬೀಳಗಿ ಕಡೆಯ ಅಕ್ಕ ಒಬ್ಬರು ಬುಟ್ಟಿಯಲ್ಲಿ ನಾಲ್ಕು ಕೋಳಿಮರಿ ತಂದಿದ್ದರು. ಜವಾರಿ ಮರಿಗಳು, ಮೂರು ವಾರದವು. "ಡಾಕ್ಟರ್ರ, ಇವಕ್ಕ ಲಕ್ವಾ ಹೊಡದೈತ್ರಿ. ನಿಂದ್ರಾಕ ಹೋದ್ರ ಹಿಂದಕ್ಕ ಉಳ್ಳತಾವು," ಎಂದರು.

ಒಂದನ್ನು ಕೈಗೆತ್ತಿಕೊಂಡೆ. ಕಾಲು ಹಿಡಿದರೆ ಜೋರಾಗಿ ಒದೆಯಿತು. ಲಕ್ವಾ ಹೊಡೆದ ಕಾಲು ಹಾಗೆ ಒದೆಯುವುದಿಲ್ಲ. ನೆಲಕ್ಕೆ ಬಿಟ್ಟೆ. ಹೆಜ್ಜೆ ಎತ್ತಿತು, ಎತ್ತಿದ್ದು ಜಾಸ್ತಿಯಾಯಿತು, ತಲೆ ಬೆನ್ನಿಗೆ ತಾಗಿ ಮಗುಚಿ ಬಿತ್ತು. ಶಕ್ತಿ ಇದೆ, ಅಳತೆ ಇಲ್ಲ.

ಕೊಕ್ಕರೆ ರೋಗ ಎಂಬ ಕೋಳಿಗಳ ಸಾಂಕ್ರಾಮಿಕ ರೋಗದಲ್ಲೂ ಕುತ್ತಿಗೆ ತಿರುಚುತ್ತದೆ. ಆದರೆ ಇಲ್ಲಿ ಹಸಿರು ಭೇದಿ ಇರಲಿಲ್ಲ, ಉಸಿರಿನ ತೊಂದರೆ ಇರಲಿಲ್ಲ, ಮನೆಯ ದೊಡ್ಡ ಕೋಳಿಗಳು ಆರಾಮವಾಗಿದ್ದವು. ಅಷ್ಟರಲ್ಲಿ ಒಂದು ಮರಿ ಸತ್ತಿತು. ತಲೆ ಬಿಚ್ಚಿ ನೋಡಿದೆ. ಹಿಂಭಾಗದ ಕಿರುಮೆದುಳು ಊದಿಕೊಂಡಿತ್ತು, ಮೇಲೆಲ್ಲ ಕೆಂಪು ಚುಕ್ಕೆ. ವಿಟಮಿನ್ ಇ ಕೊರತೆಯಾದಾಗ ಹೀಗಾಗುತ್ತದೆ. ಏನು ಹಾಕುತ್ತಿದ್ದೀರಿ ಎಂದು ಕೇಳಿದರೆ, ಗಾಣದ ಕುಸುಬಿ ಹಿಂಡಿ. ತಗಡಿನ ಶೆಡ್ಡಿನಲ್ಲಿ ಇಡೀ ಬೇಸಿಗೆ ಇಟ್ಟಿದ್ದು. ಬಾಗಲಕೋಟೆಯ ಬಿಸಿಲು ನಿಮಗೆ ಗೊತ್ತಲ್ವಾ? ಹಿಂಡಿಯಲ್ಲಿ ಉಳಿದ ಎಣ್ಣೆ ಕಮಟಿ, ಮೇವಿನಲ್ಲಿದ್ದ ವಿಟಮಿನ್ನನ್ನೂ ಹಾಳು ಮಾಡಿತ್ತು.

ಇಂಥ ಮರಿಯನ್ನು ನೋಡಿದಾಗೆಲ್ಲ ನನಗೆ ಫ್ರಾನ್ಸಿನ ವಿಜ್ಞಾನಿ ಫ್ಲೂರಾನ್ಸ್ ನೆನಪಾಗುತ್ತಾನೆ. ಸುಮಾರು 200 ವರ್ಷಗಳ ಹಿಂದೆ ಆತ ಪಾರಿವಾಳಗಳ ಕಿರುಮೆದುಳನ್ನು ಪದರ ಪದರವಾಗಿ ತೆಗೆದು ನೋಡಿದ. ಹಕ್ಕಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು. ಹಾರಾಟ ಮಾತ್ರ ಹೊಂದುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಪ್ರಯೋಗ ಕ್ರೂರವೇ. ಆದರೆ ಕಿರುಮೆದುಳು ಬಲ ಕೊಡುವ ಅಂಗವಲ್ಲ, ಲೆಕ್ಕ ಇಡುವ ಅಂಗ ಎಂದು ಗೊತ್ತಾಗಿದ್ದು ಅಲ್ಲಿಂದ.

ಕೋಳಿಯ ಕಿರುಮೆದುಳನ್ನು ನಡುವೆ ಉದ್ದಕ್ಕೆ ಸೀಳಿ ನೋಡಿ. ಇಳಕಲ್ ಸೀರೆಯ ನಿರಿಗೆ ಹಿಡಿದಂತೆ ಕಾಣುತ್ತದೆ. ಜಾಸ್ತಿ ಬಟ್ಟೆಯನ್ನು ಕಡಿಮೆ ಜಾಗದಲ್ಲಿ ಕೂರಿಸುವ ಉಪಾಯ ಅದು. ದೊಡ್ಡ ನಿರಿಗೆಗಳು ಹತ್ತು. ಲಾರ್ಸೆಲ್ ಎಂಬ ಅಂಗರಚನಾ ತಜ್ಞ ಅವಕ್ಕೆ ಮುಂದಿನಿಂದ ಹಿಂದಕ್ಕೆ ಒಂದರಿಂದ ಹತ್ತು ಎಂದು ನಂಬರು ಕೊಟ್ಟ. ಮೊದಲು ಹಕ್ಕಿಗೆ, ಆಮೇಲೆ ಅದೇ ನಂಬರು ಇಲಿಗೆ, ನಮಗೆ. ಮುಂದಿನ ನಿರಿಗೆಗಳಿಗೆ ಕಾಲು ಮತ್ತು ಮೈಯಿಂದ ಸುದ್ದಿ ಬರುತ್ತದೆ. ನಡುವಿನವಕ್ಕೆ ಕಣ್ಣು ಕಿವಿಗಳಿಂದ. ಕೊನೆಯ ಒಂಬತ್ತು, ಹತ್ತಕ್ಕೆ ಒಳಗಿವಿಯಿಂದ ಮೈಯ ಸಮತೋಲನದ ಸುದ್ದಿ, ಜೊತೆಗೆ ಹಾರುವಾಗ ಕಣ್ಣೆದುರು ನೆಲ ಹಿಂದಕ್ಕೆ ಸರಿಯುವ ಸುದ್ದಿ.

ಎಲ್ಲ ಹಕ್ಕಿಗೂ ಹತ್ತೂ ಒಂದೇ ಅಳತೆಯಲ್ಲ. ಹಮ್ಮಿಂಗ್‌ಬರ್ಡ್‌ ಕಾಲಿನಲ್ಲಿ ನಡೆಯುವುದೇ ಇಲ್ಲ ಎನ್ನಬಹುದು. ಅದರ ಮುಂದಿನ ನಿರಿಗೆಗಳು ಸಣ್ಣವು.

ಇನ್ನು ಬಟ್ಟೆಯ ನೇಯ್ಗೆ. ಮೂರು ಪದರ ಇವೆ. ನಡುವಿನ ಪದರದಲ್ಲಿ ಪರ್ಕಿಂಜೆ ಜೀವಕೋಶಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಚಪ್ಪಟೆ ಬೀಸಣಿಗೆಯ ಹಾಗೆ ಕೊಂಬೆ ಬಿಚ್ಚಿಕೊಂಡಿರುತ್ತವೆ. ಕೆಳಗಿನ ಪದರದ ಸಣ್ಣ ಕೋಶಗಳು ಮೇಲೆ ಕಳಿಸಿದ ಎಳೆಗಳು ಈ ಬೀಸಣಿಗೆಗಳನ್ನು ಅಡ್ಡ ಹಾಯ್ದು ಹೋಗುತ್ತವೆ. ಥೇಟ್ ಹಾಸು ಹೊಕ್ಕು. 1888ರಲ್ಲಿ ಸ್ಪೇನಿನ ವಿಜ್ಞಾನಿ ಕಹಾಲ್ ಹಕ್ಕಿಯ ಕಿರುಮೆದುಳಿಗೆ ಬಣ್ಣ ಹಾಕಿ ನೋಡಿ, ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿ ಎಂದು ಹೇಳಿದ. ಇವತ್ತಿನ ನರವಿಜ್ಞಾನ ನಿಂತಿರುವುದು ಆ ಮಾತಿನ ಮೇಲೆ. ಹಕ್ಕಿಯ ಮೆದುಳಿನಿಂದ ಬಂದದ್ದು ಎಂದು ಎಷ್ಟು ಜನಕ್ಕೆ ಗೊತ್ತು?

ಈ ಬಟ್ಟೆಯಿಂದ ಹೊರಗೆ ಸುದ್ದಿ ಕಳಿಸುವುದು ಪರ್ಕಿಂಜೆ ಕೋಶ ಮಾತ್ರ. ಅದು ಹೇಳುವುದೂ ಒಂದೇ ಮಾತು: ತಡಿ. ಬ್ರೇಕಿನ ಕೆಲಸ. ಅಕ್ಕನ ಮರಿಯಲ್ಲಿ ಸಾಯುತ್ತಿದ್ದವು ಇವೇ ಕೋಶಗಳು. ಎತ್ತಿದ ಕಾಲನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವವರೇ ಇಲ್ಲ.

ಈ ನಿರಿಗೆ ಬಂದದ್ದು ಎಲ್ಲಿಂದ? ಹಲ್ಲಿಯ ಕಿರುಮೆದುಳು ಸುಮ್ನೆ ಒಂದು ಸಪಾಟಾದ ಎಲೆ. ನಮ್ಮ ಕೃಷ್ಣೆಯ ಮೊಸಳೆ ಹಕ್ಕಿಯ ಹತ್ತಿರದ ನೆಂಟ, ಅದರಲ್ಲಿ ಒಂದೆರಡು ಗೆರೆ ಇವೆ. ಹಕ್ಕಿಗಳೂ ಸಸ್ತನಿಗಳೂ ಬೇರೆ ಬೇರೆಯಾಗಿಯೇ ನಿರಿಗೆ ಹಿಡಿದವು. ನಾವು ಎರಡು ಪಕ್ಕಗಳನ್ನು ಬೆಳೆಸಿದೆವು, ಹಕ್ಕಿ ನಡುವಿನ ಪಟ್ಟಿಯನ್ನು.

ಹಾರಲು ಶುರು ಮಾಡಿದ ಮೇಲೆ ಕಿರುಮೆದುಳು ದೊಡ್ಡದಾಯಿತು ಎಂದುಕೊಳ್ಳುವುದು ಸಹಜ. ನಾನೂ ಹಾಗೇ ಅಂದುಕೊಂಡಿದ್ದೆ. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪಾರಿವಾಳಗಳನ್ನು ಹಾರಿಸಿ, ಆಮೇಲೆ ಮೆದುಳು ಸ್ಕ್ಯಾನ್ ಮಾಡಿದರು. ಕೂತಿದ್ದಾಗಿನದಕ್ಕಿಂತ ಹಾರಿದಾಗ ಕಿರುಮೆದುಳಿನ ಕೆಲಸ ಸ್ಪಷ್ಟವಾಗಿ ಹೆಚ್ಚಿತ್ತು. ಅವರೇ ಪಳೆಯುಳಿಕೆ ತಲೆಬುರುಡೆಗಳ ಒಳ ಅಚ್ಚುಗಳನ್ನೂ ನೋಡಿದರು. ಹಕ್ಕಿಗೆ ಹತ್ತಿರದ ಡೈನೋಸಾರ್‌ಗಳಲ್ಲಿ, ಹಾರಾಟಕ್ಕೂ ಮುಂಚೆಯೇ, ಕಿರುಮೆದುಳು ಹಿಗ್ಗತೊಡಗಿತ್ತು. 15 ಕೋಟಿ ವರ್ಷ ಹಿಂದಿನ ಆದಿಹಕ್ಕಿ ಆರ್ಕಿಯಾಪ್ಟೆರಿಕ್ಸ್‌ಗಿಂತಲೂ ಮೊದಲು. ಲೆಕ್ಕ ಮೊದಲು, ರೆಕ್ಕೆ ಆಮೇಲೆ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬಂದಿಳಿಯುವ ಪಟ್ಟೆತಲೆ ಬಾತುಗಳನ್ನು ಈಗ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಹಿಂಡಿ ಚೆಲ್ಲಿಸಿ, ಹೊಸ ಮೇವು ಹಾಕಿಸಿ, ಮನೆಯಲ್ಲಿದ್ದ ಉಳಿದ ಮರಿಗಳಿಗೆ ನೀರಿನಲ್ಲಿ ವಿಟಮಿನ್ ಇ, ಸೆಲೆನಿಯಂ ಕೊಡಿಸಿದೆ. ಅವು ಬಚಾವಾದವು. ಬುಟ್ಟಿಯಲ್ಲಿ ಬಂದ ನಾಲ್ಕರಲ್ಲಿ ಉಳಿದದ್ದು ಒಂದೇ. ಈಗ ದೊಡ್ಡ ಹುಂಜ. ಕಾಳು ಹೆಕ್ಕುವಾಗ ಅದರ ಕೊಕ್ಕು ಮೊದಲು ಕಾಳಿನ ಪಕ್ಕದ ನೆಲಕ್ಕೆ ಬೀಳುತ್ತದೆ. ಕಾಳು ಸಿಗುವುದು ಎರಡನೇ ಸಲಕ್ಕೆ.